ಕಂಬಳಿ ಚೀಲದ ಪಂಪು

ನಾನು ರವಿಕೆ ಹೊಲಿಯುವವಳು. ಮಧುಗಿರಿ ಬೆಟ್ಟದ ಬುಡದ ನಮ್ಮ ಬೀದಿಯಲ್ಲಿ ಯಾರ ತೋಳು ಎಷ್ಟು, ಯಾರ ಎದೆಸುತ್ತು ಎಷ್ಟು, ಯಾರು ಹೋದ ವರ್ಷಕ್ಕಿಂತ ಎರಡು ಇಂಚು ಹೆಚ್ಚಾಗಿದ್ದಾರೆ ಎಂಬುದೆಲ್ಲ ನನ್ನ ಅಳತೆ ಪುಸ್ತಕದಲ್ಲಿದೆ. ಅದರಲ್ಲಿ ಈಗ ನನ್ನದೂ ಒಂದು ಪುಟವಿದೆ. ಮೇಲೆ ‘ಶಾರದ’ ಎಂದು ಹೆಸರು, ಕೆಳಗೆ ಸಾಲಾಗಿ ತಾರೀಖು, ತಾರೀಖಿನ ಮುಂದೆ ಒಂದೊಂದು ಸಂಖ್ಯೆ. ಅದು ತೋಳಿನದ್ದಲ್ಲ, ಸೊಂಟದ್ದಲ್ಲ. ಒಂದು ಉಸಿರಿಗೆ ನಾನು ಎಷ್ಟು ಜೋರಾಗಿ ಗಾಳಿ ಊದಬಲ್ಲೆ ಎಂಬುದರ ಅಳತೆ.

ಐವತ್ತೆರಡನೆಯ ವಯಸ್ಸಿನಲ್ಲಿ ನನಗೆ ಆಸ್ತಮಾ ಇದೆಯೆಂದು ಗೊತ್ತಾಯಿತು. ಇದನ್ನು ಬರೆಯಲು ಕೂತದ್ದು ನನ್ನ ಕಾಯಿಲೆ ದೊಡ್ಡದು ಎಂದಲ್ಲ. ಪಂಪನ್ನು, ಅಂದರೆ ಉಸಿರು ಕಟ್ಟಿದಾಗ ಬಾಯಿಗಿಟ್ಟು ಎಳೆದುಕೊಳ್ಳುವ ಇನ್ಹೇಲರನ್ನು, ಅಕ್ಕಿ ಡಬ್ಬದ ಹಿಂದೆ, ಸೀರೆ ಮಡಿಕೆಯ ಒಳಗೆ ಬಚ್ಚಿಟ್ಟುಕೊಂಡು ಬದುಕುವ ಹೆಂಗಸರು ನಮ್ಮ ಕಡೆ ತುಂಬ ಇದ್ದಾರೆ. ಅಳತೆ ಕೊಡಲು ಕೈ ಎತ್ತಿ ನಿಂತಾಗ ಅವರೇ ಮೆಲ್ಲಗೆ ಹೇಳುತ್ತಾರೆ. ಅವರಿಗಾಗಿ ಬರೆದಿದ್ದೇನೆ. ಚಳಿಗಾಲ ಬಂತೆಂದರೆ ಹೊಸಲು ದಾಟಲು ಹೆದರುವವರಿಗಾಗಿಯೂ.

ಅದು ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಮುಗಿದ ಮೇಲೆ ಕೆಮ್ಮು ಶುರುವಾಯಿತು. ಬಟ್ಟೆಯ ಧೂಳು ಎಂದುಕೊಂಡೆ. ಹೊಲಿಯುವವರ ಮೂಗಿನಲ್ಲಿ ನೂಲಿನ ಜುಂಗು ಇದ್ದೇ ಇರುತ್ತದೆ. ನಮ್ಮನೆಯವರು ಪಾವಗಡದ ಕಡೆ ಓಡುವ ಬಸ್ಸಿನಲ್ಲಿ ಕಂಡಕ್ಟರ್. “ನಾನು ತುಂಬಿದ್ ಬಸ್ಸಲ್ಲಿ ಹಿಂದಿಂದ ಮುಂದಕ್ಕೆ ನುಗ್ಗಿ ನುಗ್ಗಿ ಟಿಕೆಟ್ ಕೊಡ್ತೀನಿ, ನಂಗೇನೂ ಆಗಲ್ಲ. ನೀನು ಕೂತಲ್ಲೇ ಕೂತು ಏದುಸಿರು ಬುಡ್ತೀಯಲ್ಲೇ” ಎಂದು ರೇಗಿಸಿದರು. ನನ್ನ ಅತ್ತೆ ಓಬಳಮ್ಮ, ಹುಟ್ಟಿದ್ದು ಪಾವಗಡ ಸೀಮೆಯಲ್ಲಿ, ಆಗ ವಯಸ್ಸು ಎಪ್ಪತ್ತನಾಲ್ಕು, ನಾಲಗೆ ಅರ್ಧ ಕನ್ನಡ ಅರ್ಧ ತೆಲುಗು. ಅವರು ಮೆಣಸಿನ ಕಷಾಯ ಕುಡಿಸಿದರು, ದೊಡ್ಡಪತ್ರೆ ರಸ ಕುಡಿಸಿದರು, ಹರಳೆಣ್ಣೆ ಸವರಿ ಬಿಸಿ ಮಾಡಿದ ವೀಳ್ಯದೆಲೆಯನ್ನು ಎದೆಗೆ ಹಾಕಿ ಕೂರಿಸಿದರು. ಎಲ್ಲದರಿಂದಲೂ ಹಿತವಾಯಿತು, ಯಾವುದರಿಂದಲೂ ಕೆಮ್ಮು ಹೋಗಲಿಲ್ಲ.

ಒಂದು ದಿನ ಎದುರು ಮನೆಯ ಸರೋಜಳಿಗೆ ಅಳತೆ ತೆಗೆಯುತ್ತಿದ್ದೆ. ಟೇಪು ಅವಳ ಬೆನ್ನಿಗೆ ಹಾಕಿ ಬಗ್ಗಿ ಎದ್ದೆ, ಅಷ್ಟೆ. “ಅಕ್ಕ, ಅಳತೆ ತಗೊಳ್ತಿದ್ದೀಯೋ, ಬೆಟ್ಟ ಹತ್ತಿ ಇಳ್ದು ಬಂದಿದ್ದೀಯೋ? ನಿನ್ನ ಎದೆ ಸಿಳ್ಳೆ ಹೊಡೀತಾ ಐತೆ” ಎಂದಳು. ನಾನೂ ಕಿವಿಗೊಟ್ಟೆ. ನಿಜ. ಉಸಿರು ಬಿಡುವಾಗಲೆಲ್ಲ ಒಳಗೆ ಸಣ್ಣಗೆ ಸಿಳ್ಳೆ.

ನಮ್ಮನೆಯವರು ರಜೆ ಹಾಕಿ ತುಮಕೂರಿಗೆ ಕರೆದುಕೊಂಡು ಹೋದರು. ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಎರಡು ಗಂಟೆ ಕೂತೆವು. ಎಲ್ಲರೂ ಕೆಮ್ಮುವವರೇ. ಒಬ್ಬೊಬ್ಬರ ಕೆಮ್ಮು ಒಂದೊಂದು ತರ. ಒಬ್ಬ ತಾತ ಕೆಮ್ಮು ಬರುವ ಮೊದಲೇ ಕೈ ಎತ್ತಿ ಪಕ್ಕದವರಿಗೆ ಸೂಚನೆ ಕೊಡುತ್ತಿದ್ದರು. ನನ್ನ ಪಕ್ಕದಲ್ಲಿ ಶಿರಾದಿಂದ ಬಂದಿದ್ದ ಒಬ್ಬರು ಕೂತಿದ್ದರು, ನನಗಿಂತ ಸ್ವಲ್ಪ ದೊಡ್ಡವರು, ಬುರ್ಖಾ ಹಾಕಿದ್ದರು. ಹುರಿದ ಕಡಲೆಕಾಯಿ ಬಿಡಿಸುತ್ತಾ ನನ್ನ ಕೈಗೂ ಒಂದು ಹಿಡಿ ಹಾಕಿದರು. ಮಾತಿನ ನಡುವೆ ಪರ್ಸಿನಿಂದ ಕರವಸ್ತ್ರ ತೆಗೆದಷ್ಟೇ ಸಲೀಸಾಗಿ ಪಂಪ್ ತೆಗೆದು, ಒಂದು ಸಲ ಒತ್ತಿ ಎಳೆದುಕೊಂಡು, ಮತ್ತೆ ಒಳಗಿಟ್ಟರು. ನಾನು ಅತ್ತಿತ್ತ ನೋಡಿದೆ, ಯಾರಾದರೂ ಕಂಡರೋ ಏನೋ ಎಂದು.

“ಎಲ್ಲರ ಎದುರಿಗೇ ತಗೋತೀರಲ್ಲ” ಎಂದೆ.

“ಅರೆ, ಇದಕ್ಕೆ ಶರಮ್ ಯಾಕಮ್ಮ? ಕಣ್ಣು ಕಾಣ್ದಿದ್ರೆ ಚಷ್ಮಾ ಹಾಕ್ಕೊಳ್ಳಲ್ವಾ? ಉಸಿರು ಕಾಣ್ದಿದ್ರೆ ಇದು. ಹನ್ನೆರಡು ವರ್ಷ ಆಯ್ತು. ಮೂರು ಮದುವೆ ಮಾಡಿದೀನಿ, ಒಂದು ಮನೆ ಕಟ್ಟಿಸಿದೀನಿ.”

ಹೆಸರು ಕೇಳುವಷ್ಟರಲ್ಲಿ ಅವರ ಟೋಕನ್ ಕೂಗಿದರು. ಮತ್ತೆ ಸಿಗಲಿಲ್ಲ. ಆ ಕಡಲೆಕಾಯಿ ಸಿಪ್ಪೆ ಬಹಳ ದಿನ ನನ್ನ ಕೈಚೀಲದ ಮೂಲೆಯಲ್ಲಿತ್ತು.

ಆಮೇಲೆ ಊದುವ ಪರೀಕ್ಷೆ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಒಬ್ಬ ಹುಡುಗಿ ಎದುರು ನಿಂತು ಕೂಗಲು ಶುರುಮಾಡಿದಳು: “ಊದಿ ಊದಿ ಊದಿ! ಬಿಡಬೇಡಿ! ಇನ್ನೂ, ಇನ್ನೂ, ಇನ್ನೂ!” ನಾನು ಊದಿದೆ, ಕಣ್ಣಲ್ಲಿ ನೀರು ಬಂತು. ಮೂರು ಸಲ ಊದಿಸಿದಳು. ಹೊರಗೆ ಬಂದರೆ ನಮ್ಮನೆಯವರು ಕೇಳಿದರು, “ಒಳಗೆ ಕಬಡ್ಡಿ ಆಡಿಸ್ತಿದ್ರಾ? ಯಾರು ಗೆದ್ರು?” ಆವತ್ತು ಬೆಳಗಿನಿಂದ ಹೆದರಿಕೊಂಡೇ ಇದ್ದವಳಿಗೆ ಆಗ ನಗು ಬಂತು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ಆಸ್ತಮಾ ಎಂದು ಅವರು ಹೇಳಿದಾಗ ನನಗೆ ಮೊದಲು ತೋಚಿದ್ದು, ನಮ್ಮ ಬೀದಿಯ ಭಜನೆ ಏನಾಗುತ್ತದೆ ಎಂದು. ಅದನ್ನು ಮಾತ್ರ ಅವರಿಗೆ ಹೇಳಲಿಲ್ಲ. ಅವರು ಎರಡು ಪಂಪು ಬರೆದುಕೊಟ್ಟರು. ಒಂದು ದಿನಾ ಬೆಳಿಗ್ಗೆ ಸಂಜೆ ಮನೆಯಲ್ಲಿ ತೆಗೆದುಕೊಳ್ಳುವುದು, ಇನ್ನೊಂದು ನೀಲಿ ಬಣ್ಣದ್ದು, ಎದೆ ಕಟ್ಟಿದಾಗ ಬೇಕಾಗುವುದು. “ಇದು ಯಾವಾಗಲೂ ನಿಮ್ಮ ಮೈಮೇಲೇ ಇರಬೇಕು” ಎಂದರು. ಮನೆಯಲ್ಲಿ ಊದಿ ನೋಡಿಕೊಳ್ಳಲು ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟರು, ಮೇಲೆ ಅಂಕಿ ಇರುವಂಥದ್ದು. ಏಳುವಾಗ ಕೊನೆಗೆ ಹೇಳಿದರು: “ಕೂತೇ ಇರಬೇಡಿ. ದಿನಾ ಬೆಳಿಗ್ಗೆ ಅರ್ಧ ಗಂಟೆ ನಡೀರಿ.”

ಬೆಳಿಗ್ಗೆ ಎಂದರೆ ಎಷ್ಟು ಹೊತ್ತಿಗೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಈಗ ಭಜನೆಯ ವಿಷಯ ಹೇಳಬೇಕು. ನಮ್ಮದು ತಿರುಪತಿ ತಿಮ್ಮಪ್ಪನ ಒಕ್ಕಲು. ಧನುರ್ಮಾಸದಲ್ಲಿ, ಅಂದರೆ ಸಂಕ್ರಾಂತಿಯ ಹಿಂದಿನ ಒಂದು ತಿಂಗಳು, ಕತ್ತಲಿರುವಾಗಲೇ ತಣ್ಣೀರು ಮಿಂದು, ಮಡಿಯುಟ್ಟು, ಬರಿಗಾಲಿನಲ್ಲಿ, ದೇವರ ಪಟ ಹಿಡಿದು, ಹಾಡುತ್ತಾ ನಾಲ್ಕು ಬೀದಿ ಸುತ್ತುತ್ತೇವೆ. ಮುಂದೆ ನಮ್ಮೂರ ದಾಸಯ್ಯ ತಿಮ್ಮದಾಸಪ್ಪ ಶಂಖ ಊದುತ್ತಾ ಜಾಗಟೆ ಬಾರಿಸುತ್ತಾ ಹೋಗುತ್ತಾರೆ. ಹಿಂದೆ ನಾವು ಏಳೆಂಟು ಹೆಂಗಸರು. ಅತ್ತೆಮ್ಮ ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಹಾಡು ಎತ್ತಿಕೊಡುವವರು ಅವರೇ. ನನಗೆ ಕೆಮ್ಮು ಶುರುವಾದ ವರ್ಷ ಮಂಡಿ ಊದಿಕೊಂಡು ಅವರಿಗೆ ಜಗಲಿ ಇಳಿಯುವುದೇ ಕಷ್ಟವಾಗಿತ್ತು. ದೀಪಾವಳಿಯಲ್ಲೇ ಹೇಳಿಬಿಟ್ಟಿದ್ದರು: “ಈ ಸಲ ನೀನೇ ಎತ್ಕೊಡ್ಬೇಕಮ್ಮಾ. ಮಿಕ್ಕೋರಿಗೆ ಶ್ರುತಿ ಗೊತ್ತಿಲ್ಲ. ನೀನೂ ಆಗಲ್ಲ ಅಂದ್ರೆ ಇಷ್ಟಕ್ಕೇ ನಿಂತೋಯ್ತು ಅನ್ಕೋ.” ನಿಂತುಹೋದರೆ ಅತ್ತೆಮ್ಮನ ಜೀವನದಲ್ಲಿ ಒಂದು ದೊಡ್ಡ ಬೆಳಕು ಆರಿದ ಹಾಗೆ. ನನಗೂ ಅಷ್ಟೆ. ಇಪ್ಪತ್ತೊಂಬತ್ತು ವರ್ಷ ಅವರ ಬೆನ್ನ ಹಿಂದೆ ನಿಂತು ದನಿಗೂಡಿಸಿದವಳು ನಾನು.

ತುಮಕೂರಿನಿಂದ ಬಂದು ಪಂಪು ತೋರಿಸಿದಾಗ ಅವರು ಎರಡು ಹೆಜ್ಜೆ ಹಿಂದೆ ಸರಿದರು. “ಅಯ್ಯೋ ದೇವುಡಾ, ಪಂಪಾ? ವದ್ದಮ್ಮಾ ವದ್ದು, ಬೇಡ. ಒಂದ್ಸಲ ಬಾಯಿಗಿಟ್ರೆ ಅದು ಬುಡಲ್ಲಂತೆ.” ಊದಿ ಅಳೆಯುವ ಕೊಳವೆ ನೋಡಿ ಮಾತ್ರ ನಕ್ಕರು. “ಇದೇನು, ಊದುಗೊಳವೆನಾ? ನಾನು ಮೂವತ್ತು ವರ್ಷ ಒಲೆ ಊದಿದೀನಿ, ಯಾವನೂ ಅಳತೆ ಬರೀಲಿಲ್ಲ.”

ನಾನು ಮಾಡಿದ ತಪ್ಪು ಈಗ ಹೇಳುತ್ತೇನೆ, ನಗಬಾರದು. ಡಾಕ್ಟರ್ ಬೆಳಿಗ್ಗೆ ಅರ್ಧ ಗಂಟೆ ನಡೆ ಎಂದರು. ಧನುರ್ಮಾಸದ ಭಜನೆಯೂ ಬೆಳಿಗ್ಗೆಯೇ, ಅದೂ ನಡೆಯುವುದೇ. ಎರಡೂ ಒಟ್ಟಿಗೆ ಆದವಲ್ಲ ಎಂದು ನನಗೆ ಖುಷಿಯೋ ಖುಷಿ. ನಾಲ್ಕೂವರೆಗೆ ಎದ್ದು ತಣ್ಣೀರು ಸುರಿದುಕೊಂಡು, ಒದ್ದೆ ತಲೆಗೆ ಟವೆಲ್ ಸುತ್ತಿ, ಬರಿಹೊಟ್ಟೆಯಲ್ಲಿ ಬರಿಗಾಲಿನಲ್ಲಿ ಹೊರಟೆ. ನೀಲಿ ಪಂಪನ್ನು ಕಿಟಕಿಯ ಮೇಲೆ ಬಿಟ್ಟೆ. ಮರೆತು ಬಿಟ್ಟದ್ದಲ್ಲ. ಬಾಯಿಗೆ ಇಟ್ಟುಕೊಳ್ಳುವ ವಸ್ತು, ಎಂಜಲು. ದೇವರ ಪಟದ ಜೊತೆ ಮಡಿಯಲ್ಲಿ ಎಂಜಲು ಹಿಡಿದು ಹೋಗುವುದುಂಟೆ? ಅತ್ತೆಮ್ಮ ಹೇಳುವ ಅಗತ್ಯವೇ ಇರಲಿಲ್ಲ, ನನ್ನ ತಲೆಯೇ ಹಾಗೆ ಹೇಳಿತು.

ಮೂರು ದಿನ ಏನೂ ಆಗಲಿಲ್ಲ. ಹಾಡು ಎತ್ತಿಕೊಡುವ ಸಂತೋಷವೇ ಬೇರೆ. ನಾನು ಒಂದು ಸಾಲು ಬಿಟ್ಟರೆ ಹಿಂದಿನಿಂದ ಏಳು ದನಿ ಅದನ್ನು ಎತ್ತಿಕೊಳ್ಳುತ್ತವೆ. ಮನೆಮನೆಯ ದೀಪ ಒಂದೊಂದಾಗಿ ಹತ್ತುತ್ತದೆ. ಅತ್ತೆಮ್ಮ ಜಗಲಿ ಮೇಲೆ ಕೂತು ನಾವು ಕಣ್ಮರೆಯಾಗುವ ತನಕ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ನಾಲ್ಕನೆಯ ದಿನ ಮಂಜು ಕವಿದಿತ್ತು, ಬೆಟ್ಟ ಎಲ್ಲಿದೆ ಎಂದೇ ಕಾಣದಷ್ಟು. ಆಟೋ ನಿಲ್ಲಿಸುವ ಮೂಲೆಯಲ್ಲಿ ಚಳಿ ಕಾಯಿಸಲು ಹಳೆ ಟೈರಿಗೆ ಬೆಂಕಿ ಹಾಕಿದ್ದರು. ಮಂಜಿನಲ್ಲಿ ಹೊಗೆ ಮೇಲೇಳದೆ ಬೀದಿಯಲ್ಲೇ ಮಲಗಿತ್ತು. ನಾನು ಸರಿಯಾಗಿ ಅಲ್ಲೇ ಎತ್ತರದ ಸಾಲಿಗೆ ಬಂದಿದ್ದೆ. ಬಾಯಿ ತೆರೆದು ಉಸಿರು ಎಳೆದೆ. ಹಾಡು ಬರಲಿಲ್ಲ.

ಅದು ಹೇಗಿರುತ್ತದೆ ಎಂದರೆ, ಎರಡಿಂಚು ಬಿಗಿಯಾಗಿ ಹೊಲಿದ ರವಿಕೆಯನ್ನು ಯಾರೋ ಹಿಂದಿನಿಂದ ಒಂದೊಂದೇ ಹುಕ್ಕು ಹಾಕುತ್ತಾ ಬಂದಂತೆ. ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರಲು ಒಪ್ಪುವುದಿಲ್ಲ. ಯಾರದೋ ಜಗಲಿಯ ಮೇಲೆ ಕೂರಿಸಿದರು. ಸರೋಜ “ಪಂಪು ಎಲ್ಲಕ್ಕ? ಪಂಪು?” ಎಂದು ನನ್ನ ಸೊಂಟ, ಮಡಿಲು ತಡಕಿದಳು. ನಾನು ಮನೆಯ ದಿಕ್ಕಿಗೆ ಬೆರಳು ತೋರಿದೆ. ಅವಳು ಸೀರೆ ಎತ್ತಿ ಕಟ್ಟಿಕೊಂಡು ಓಡಿದಳು.

ಎಷ್ಟು ಹೊತ್ತಾಯಿತೋ ತಿಳಿಯದು. ಎರಡು ಬೀದಿಯ ದೂರ, ಹೆಚ್ಚೆಂದರೆ ಐದು ನಿಮಿಷ. ತಿಮ್ಮದಾಸಪ್ಪ ಮುಂದೆ ಕುಕ್ಕರುಗಾಲಿನಲ್ಲಿ ಕೂತು “ಮೆತ್ತಗೆ ತಾಯಿ, ಮೆತ್ತಗೆ. ಶಂಖ ಊದೋ ಹಂಗೆ ತುಟಿ ಮುಂದೆ ಮಾಡಿ ಬುಡು” ಎನ್ನುತ್ತಿದ್ದರು. ಹಾಗೆ ಬಿಟ್ಟೆ. ಕೊಂಚ ಹೊರಗೆ ಬಂತು. ಅಷ್ಟರಲ್ಲಿ ಸ್ಕೂಟರ್ ಸದ್ದು. ಮೊದಲ ಬಸ್ಸಿನ ಡ್ಯೂಟಿಗೆ ಖಾಕಿ ಹಾಕಿಕೊಂಡಿದ್ದ ನಮ್ಮನೆಯವರು ಓಡಿಸುತ್ತಿದ್ದರು. ಹಿಂದೆ ಅತ್ತೆಮ್ಮ! ಮಡಿಸೀರೆಯಲ್ಲಿ, ಒಂದು ಕಾಲು ಉದ್ದಕ್ಕೆ ಚಾಚಿ, ಒಂದು ಕೈಯಲ್ಲಿ ಮಗನ ಕಾಲರ್ ಹಿಡಿದುಕೊಂಡು. ಇನ್ನೊಂದು ಕೈಯಲ್ಲಿ ಬಾಳೆ ಎಲೆಯ ಒಂದು ತುಂಡು ಮಡಚಿ ಹಿಡಿದಿದ್ದರು. ಎಲೆ ಬಿಚ್ಚಿದರೆ ಒಳಗೆ ನನ್ನ ನೀಲಿ ಪಂಪು.

ಆ ಸ್ಥಿತಿಯಲ್ಲೂ ನನಗೆ ಅದು ಕಂಡಿತು, ಮುಟ್ಟದೆ ತರಲು ಎಲೆ ಸುತ್ತಿದ್ದಾರೆ ಎಂದು. ಆದರೆ ನಾನು ಎಷ್ಟು ಎಳೆದರೂ ಮುಚ್ಚಳ ಬರಲಿಲ್ಲ. ಅತ್ತೆಮ್ಮ ಒಂದು ಕ್ಷಣ ನೋಡಿದರು. ಎಲೆ ಕೆಳಗೆ ಬಿತ್ತು. ಬರಿಗೈಯಲ್ಲೇ ಮುಚ್ಚಳ ಕಿತ್ತು ನನ್ನ ಬಾಯಿಗೆ ಹಿಡಿದರು. “ಎಳ್ಕೋ ಬಂಗಾರು, ಎಳ್ಕೋ.”

ಹುಕ್ಕುಗಳು ಒಂದೊಂದಾಗಿ ಬಿಚ್ಚಿಕೊಂಡವು.

ಅದೇ ದಿನ ತುಮಕೂರಿಗೆ ಹೋದೆವು. ಡಾಕ್ಟರ್ ಎಲ್ಲವನ್ನೂ ಒಂದೊಂದಾಗಿ ಕೇಳಿದರು. ಎಷ್ಟು ಗಂಟೆಗೆ? ತಣ್ಣೀರಾ? ತಲೆ ಒದ್ದೆಯಾ? ಕಾಲಿಗೆ? ಬಾಯಿ ತೆರೆದು ಹಾಡುತ್ತಾ ನಡೆದಿರಾ? ಪಂಪು? ನಾನು ಒಂದೊಂದಕ್ಕೂ ತಲೆಯಾಡಿಸುತ್ತಾ ಹೋದಂತೆ ಅವರ ಪೆನ್ನು ನಿಂತೇಹೋಯಿತು. “ಶಾರದಮ್ಮ, ಮಾಡಬಾರದ್ದರ ಪಟ್ಟಿ ಕೊಡೋಣ ಅಂತಿದ್ದೆ. ನೀವು ಒಂದೂ ಬಿಡದ ಹಾಗೆ ಎಲ್ಲಾ ಮಾಡಿಕೊಂಡೇ ಬಂದಿದ್ದೀರ!” ಎಂದು ಜೋರಾಗಿ ನಕ್ಕರು. ಬೈಯುತ್ತಾರೆಂದು ಕಾದಿದ್ದ ನನಗೆ ಅಳು ಬಂತು. ಆಗ ಭಜನೆಯ ವಿಷಯವನ್ನೂ, ಅತ್ತೆಮ್ಮನ ಮಾತನ್ನೂ ಹೇಳಿದೆ.

ಅವರು ಬೇಡ ಎನ್ನಲಿಲ್ಲ. ಎರಡು ವಾರ ಬಿಸಿಲು ಬಂದ ಮೇಲೆ ಮಾತ್ರ ನಡೆಯಬೇಕು, ದಿನಾ ಊದಿ ಬರೆಯಬೇಕು, ಆಮೇಲೆ ನೋಡೋಣ ಎಂದರು. ಕೊಳವೆಯ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದು, ಅಂಕಿ ಇದಕ್ಕಿಂತ ಕೆಳಗಿದ್ದ ದಿನ ನಡೆಯುವ ಹಾಗಿಲ್ಲ, ಫೋನ್ ಮಾಡಿ ಎಂದರು.

ಆ ಎರಡು ವಾರ ನನ್ನ ಜೀವನದ ಅತಿ ತಮಾಷೆಯ ವಾರಗಳು. ನಮ್ಮಂಥ ಊರಿನಲ್ಲಿ ಹೆಂಗಸೊಬ್ಬಳು ಬೆಳಿಗ್ಗೆ ಒಂಬತ್ತೂವರೆಗೆ ಸುಮ್ಮನೆ ನಡೆಯುವ ಹಾಗಿಲ್ಲ. ಎಲ್ಲಿಗಾದರೂ ಹೋಗುತ್ತಿರಲೇಬೇಕು. “ಎಲ್ಲಿಗಕ್ಕ?” “ಎಲ್ಲಿಗೂ ಇಲ್ಲ.” “ಮನೇಲಿ ಏನಾರಾ ಜಗಳ ಆಯ್ತಾ?” ಆಟೋದವರು ನಿಲ್ಲಿಸುತ್ತಾರೆ. ಗುರುತಿನವರು ಬೈಕು ನಿಲ್ಲಿಸಿ ಹತ್ತಿ ಎನ್ನುತ್ತಾರೆ. ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಮೂರನೆಯ ದಿನ ನಾನು ಒಂದು ಖಾಲಿ ಬಟ್ಟೆಚೀಲ ಹಿಡಿದುಕೊಂಡೆ. ಚೀಲ ಇದ್ದರೆ ಸಂತೆಗೋ ಅಂಗಡಿಗೋ ಹೊರಟವಳು, ಯಾರೂ ಕೇಳುವುದಿಲ್ಲ. ವಾಪಸು ಬರುವಾಗಲೂ ಚೀಲ ಖಾಲಿಯೇ. ಅದನ್ನು ಕಂಡುಹಿಡಿದವಳು ಸರೋಜ. “ಏನಕ್ಕ, ದಿನಾ ಗಾಳಿ ತಗೊಂಡು ಬರ್ತಿದ್ದೀಯಾ?” ನಿಜ ಹೇಳಿದ್ದಳು. ಮಾರನೆಯ ದಿನದಿಂದ ಅವಳೂ ಒಂದು ಖಾಲಿ ಚೀಲ ಹಿಡಿದು ಜೊತೆಗೆ ಬಂದಳು.

ಆ ಬಿಸಿಲನ್ನು ನಾನು ಹಿಂದೆಂದೂ ಗಮನಿಸಿರಲಿಲ್ಲ. ಚಳಿಗಾಲದ ಬೆಳಗಿನಲ್ಲಿ ನಮ್ಮ ಬೆಟ್ಟದ ಬಂಡೆ ಮೊದಲು ನೀಲಿ, ಆಮೇಲೆ ಬೂದಿ, ಆಮೇಲೆ ಮೆಲ್ಲಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ದಾರಿಯಲ್ಲಿ ಅವರೆಕಾಯಿ ರಾಶಿ ಹಾಕಿಕೊಂಡು ಕೂತವರು, ಮಂಕಿ ಕ್ಯಾಪು ಹಾಕಿದ ತಾತಂದಿರು, ಬಿಸಿಲಿಗೆ ಬೆನ್ನು ಕೊಟ್ಟು ಮಲಗಿದ ನಾಯಿ. ಬಂದು ಊದಿ ಪುಸ್ತಕದಲ್ಲಿ ಬರೆಯುವುದು. ಇನ್ನೂರರ ಹತ್ತಿರ ಇದ್ದ ಅಂಕಿ ದಿನಕ್ಕೆ ಐದು ಹತ್ತು ಏರುತ್ತಾ ಮುನ್ನೂರು ದಾಟಿತು. ನಮ್ಮನೆಯವರು ಡ್ಯೂಟಿ ಮುಗಿಸಿ ಬಂದವರೇ “ಎಷ್ಟು ಸ್ಕೋರು?” ಎನ್ನುತ್ತಿದ್ದರು.

ಇತ್ತ ಭಜನೆ ನಿಂತಿರಲಿಲ್ಲ, ಆದರೆ ನಿಂತಿದ್ದರೇ ಚೆನ್ನಾಗಿತ್ತು ಎಂದು ಅತ್ತೆಮ್ಮನಿಗೆ ಅನಿಸಿರಬೇಕು. ಎತ್ತಿಕೊಡುವವರಿಲ್ಲದೆ ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿ ಹೊರಡುತ್ತಿದ್ದರು. ಜಗಲಿಯ ಮೇಲೆ ಕಂಬಳಿ ಹೊದ್ದು ಕೂತು ಅತ್ತೆಮ್ಮ ಒದ್ದಾಡುತ್ತಿದ್ದರು: “ಇದೇಮಮ್ಮಾ ಇದು, ದೇವರನ್ನ ಎಬ್ಬಿಸ್ತಿದಾರೋ ಓಡಿಸ್ತಿದಾರೋ?”

ಎರಡು ವಾರ ಕಳೆದು ಡಾಕ್ಟರಿಗೆ ಪುಸ್ತಕ ತೋರಿಸಿದೆ. ರವಿಕೆ ಅಳತೆಗಳ ನಡುವೆ ನನ್ನ ಪುಟ ನೋಡಿ ಅವರಿಗೆ ಬಹಳ ಇಷ್ಟವಾಯಿತು. “ಬಿಸಿಲಲ್ಲೇ ನಡೀರಿ ಅಂತ ನನ್ನ ಆಸೆ. ಹೋಗಲೇಬೇಕು ಅಂದರೆ ಹೇಳ್ತೀನಿ, ಒಂದೂ ತಪ್ಪಬಾರದು” ಎಂದರು. ಬಿಸಿನೀರಿನ ಸ್ನಾನ, ತಲೆ ಒಣಗಿರಬೇಕು, ಬರಿಗಾಲು ಬೇಡ. ಹೊರಡುವ ಕಾಲು ಗಂಟೆ ಮೊದಲು ನೀಲಿ ಪಂಪು ಎರಡು ಸಲ. ಮನೆಯೊಳಗೇ ಹತ್ತು ನಿಮಿಷ ಕೈಕಾಲು ಆಡಿಸಿ ಮೈ ಬೆಚ್ಚಗೆ ಮಾಡಿಕೊಂಡು ಹೊರಡಬೇಕು. ಮೂಗು ಬಾಯಿಗೆ ಒಗೆದ ಹತ್ತಿ ಬಟ್ಟೆ, ಕಂಬಳಿ ಬೇಡ, ಅದರ ಜುಂಗು ಒಳಗೆ ಹೋಗುತ್ತದೆ. ಮಂಜಿದ್ದರೆ, ಹೊಗೆ ಕಂಡರೆ ವಾಪಸು. ನಡೆಯುವಾಗ ಬಾಯಿ ತೆರೆದು ಹಾಡಬಾರದು, ಮೂಗಿನಲ್ಲಿ ಉಸಿರಾಡಬೇಕು. ಪಂಪು ಮೈಮೇಲೆ.

ಮನೆಗೆ ಬಂದು ಹೇಳಿದೆ. ಬಿಸಿನೀರಿಗೆ ಅತ್ತೆಮ್ಮ ಒಪ್ಪಿದರು. ಹೊತ್ತು ಹುಟ್ಟುವುದರೊಳಗೆ ಮುಗಿದರೆ ಸಾಕು, ಐದು ಮುಕ್ಕಾಲಿಗೆ ಹೊರಡಿ ಎಂದರು. ಕಾಲಿಗೆ ಬಟ್ಟೆಯ ಚೀಲ ಹೊಲಿದುಕೋ, ಚರ್ಮ ತಾನೇ ಬೇಡ ಎಂದು ಅವರೇ ದಾರಿ ತೋರಿದರು. ಎರಡಕ್ಕೆ ಮಾತ್ರ ತಡೆದು ನಿಂತರು. ಹಾಡದೆ ಭಜನೆ ಹೇಗೆ? ಎಂಜಲು ಪಂಪು ದೇವರ ಜೊತೆ ಹೇಗೆ?

“ಅವತ್ತು ನೀವೇ ಮುಟ್ಟಿದ್ರಲ್ಲ, ಅತ್ತೆಮ್ಮ” ಎಂದೆ.

“ಅವತ್ತು ನಿನ್ ಪ್ರಾಣ. ಅದು ಬೇರೆ. ಮನೆಗೋಗಿ ಮತ್ತೆ ನೀರು ಹಾಕ್ಕೊಂಡೆ. ದಿನಾ ಗೊತ್ತಿದ್ದೂ ಗೊತ್ತಿದ್ದೂ ತಗೊಂಡೋಗೋದು ಹೆಂಗಮ್ಮಾ?”

ಬಿಟ್ಟುಹೋಗುವ ಧೈರ್ಯ ನನಗಿರಲಿಲ್ಲ, ಹಿಡಿದುಹೋಗುವ ಧೈರ್ಯವೂ ಇರಲಿಲ್ಲ. ನನ್ನ ಪಾಲಿಗೆ ಭಜನೆ ನಿಂತಿತು ಎಂದೇ ಅಂದುಕೊಂಡೆ. ಆ ಹೊತ್ತಿಗೆ ತಿಮ್ಮದಾಸಪ್ಪ ನನ್ನನ್ನು ವಿಚಾರಿಸಲು ಬಂದು ಜಗಲಿಯ ಮೇಲೆ ಕೂತಿದ್ದರು. ಮುಂದಿನ ಹಲ್ಲು ಮೂರು ಇಲ್ಲ. ಕಾಫಿ ಊದಿ ಊದಿ ಕುಡಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಲೋಟ ಕೆಳಗಿಟ್ಟು ಹೆಗಲ ಚೀಲದಿಂದ ಶಂಖ ತೆಗೆದರು.

“ಓಬಳಮ್ನೋರೆ, ಇದು ಏನು?”

“ಏನು ಅಂದ್ರೆ? ಶಂಖ.”

“ಇದನ್ನ ಎಲ್ಲಿಟ್ಕೊಂಡು ಊದ್ತೀನಿ?”

ಅತ್ತೆಮ್ಮ ಶಂಖವನ್ನೂ ಅವರ ಬಾಯನ್ನೂ ನೋಡಿದರು.

“ನಮ್ಮಪ್ಪನ ಬಾಯಲ್ಲಿತ್ತು, ಈಗ ನನ್ನ ಬಾಯಲ್ಲೈತೆ. ಹಲ್ಲಿದ್ದಾಗಲೂ ಊದ್ದೆ, ಹಲ್ಲು ಹೋದ್ಮೇಲೆ ಉಗುಳೂ ಬೀಳ್ತದೆ ಕಣಮ್ಮ, ಸುಳ್ಯಾಕೆ ಹೇಳ್ಲಿ. ಮುಂದೆ ಇದು ಹೋಗ್ತದೆ, ಹಿಂದೆ ದೇವರು ಬರ್ತಾನೆ. ಒಂದಿನಾನೂ ಎಂಜಲು ಅಂತ ಅವನು ಮುಖ ತಿರುಗಿಸ್ಲಿಲ್ಲ. ನನ್ ಉಸಿರು ಹೋಗೋದಕ್ಕೆ ಇದು, ಆ ತಾಯಿ ಉಸಿರು ಬರೋದಕ್ಕೆ ಅದು. ಎಲ್ಡೂ ಬಾಯಿಗಿಡೋವೇ.”

ಇಷ್ಟು ಹೇಳಿ, ಹೆಗಲ ಚೀಲಕ್ಕೆ ಶಂಖ ಹಾಕಿಕೊಂಡು, “ಕಾಫಿಗೆ ಸಕ್ಕರೆ ಕಮ್ಮಿ ಆಯ್ತು” ಎಂದು ಹೊರಟುಹೋದರು.

ಅತ್ತೆಮ್ಮ ಅವತ್ತೆಲ್ಲ ಅವರೆಕಾಳು ಬಿಡಿಸುತ್ತಾ ಕೂತರು, ಒಂದು ಮೊರ ಮುಗಿಸಿ ಇನ್ನೊಂದು ಮೊರ ಹಾಕಿಕೊಂಡರು. ಸಂಜೆ ನಾನು ಹೊಲಿಯುತ್ತಿದ್ದಾಗ ಬಂದು ನನ್ನ ಕತ್ತರಿ ತೆಗೆದುಕೊಂಡರು. ಅವರ ಹೆಗಲ ಮೇಲೆ ಕಂಬಳಿ ಇತ್ತು, ತವರಿನಿಂದ ಮದುವೆಯಲ್ಲಿ ಕೊಟ್ಟದ್ದು. ಯಾರಿಗೂ ಹೊದೆಯಲು ಕೊಡುತ್ತಿರಲಿಲ್ಲ. ನಾನು ನೋಡುತ್ತಿದ್ದಂತೆ ಅದರ ಒಂದು ಮೂಲೆಯನ್ನು ಅಂಗೈ ಅಗಲಕ್ಕಿಂತ ತುಸು ಹೆಚ್ಚು ಕತ್ತರಿಸಿ ನನ್ನ ಮೆಷಿನ್ನಿನ ಮೇಲಿಟ್ಟರು.

“ಕಂಬಳಿಗೆ ಮೈಲಿಗೆ ಇಲ್ಲ. ಯಾವಾಗ್ಲೂ ಮಡಿಯೇ. ಇದ್ರಲ್ಲಿ ಒಂದು ಚೀಲ ಹೊಲಿ. ಸೊಂಟಕ್ಕೆ ಕಟ್ಕೋಳೋ ಹಂಗೆ.”

ಮೆಷಿನ್ ಸೂಜಿ ಮುರಿಯಿತು. ಎರಡನೆಯದೂ ಮುರಿಯಿತು. ಕೊನೆಗೆ ಗೋಣಿ ಹೊಲಿಯುವ ದಬ್ಬಳದಲ್ಲಿ ಕೈಯಲ್ಲೇ ಹೊಲಿದೆ. ಒಳಗೆ ಜುಂಗು ತಾಗದಂತೆ ಹತ್ತಿ ಬಟ್ಟೆಯ ಅಸ್ತರಿ ಕೊಟ್ಟೆ. ಎಷ್ಟೋ ಜನಕ್ಕೆ ಜರಿ ರವಿಕೆ ಹೊಲಿದಿದ್ದೇನೆ, ಅಷ್ಟು ಮನಸ್ಸಿಟ್ಟು ಬೇರೆ ಯಾವುದನ್ನೂ ಹೊಲಿದ ನೆನಪಿಲ್ಲ.

ಹಾಡಿನ ತೊಡಕನ್ನು ಬಿಡಿಸಿದವರೂ ಅತ್ತೆಮ್ಮನೇ. “ನಡೀವಾಗ ಹಾಡ್ಬೇಡ. ಹಾಡುವಾಗ ನಡೀಬೇಡ. ಬರೀ ತಾಳ ಹಾಕ್ಕೊಂಡು ನಡಿರಿ, ಮೂಲೆಮೂಲೆಗೆ ನಿಂತ್ಕೊಂಡು ಉಸಿರು ಸುಧಾರಿಸ್ಕೊಂಡು ಒಂದೊಂದು ಹಾಡು ಹೇಳಿ.” ಹೇಳಿ, ತಮ್ಮ ಮಂಡಿ ಒಂದು ಸಲ ಸವರಿಕೊಂಡರು. “ಹಂಗೆ ನಿಂತ್ ನಿಂತ್ ಹೋಗೋದಾದ್ರೆ… ನಾನೂ ಬರಬಹುದೇನೋ.”

ಮೊದಲ ಬೆಳಿಗ್ಗೆ ನಮ್ಮ ನಡುಮನೆ ನೋಡುವಂತಿತ್ತು. ಬಿಸಿನೀರು ಮಿಂದು, ಕೊಳವೆ ಊದಿ, ಕೆಂಪು ಗೆರೆಗಿಂತ ಬಹಳ ಮೇಲಿದೆ ಎಂದು ನೋಡಿಕೊಂಡು, ಪಂಪು ಎಳೆದುಕೊಂಡು, ನಾನು ನಿಂತಲ್ಲೇ ಕಾಲು ಎತ್ತಿ ಇಡುತ್ತಿದ್ದೆ. ಪಕ್ಕದಲ್ಲಿ ಅತ್ತೆಮ್ಮ ಬಾಗಿಲ ಚೌಕಟ್ಟು ಹಿಡಿದು ಮಂಡಿ ಬಗ್ಗಿಸುತ್ತಿದ್ದರು. ನಮ್ಮನೆಯವರು ಶೂ ಲೇಸು ಕಟ್ಟುವುದನ್ನು ನಿಲ್ಲಿಸಿ ಬಾಯಿಬಿಟ್ಟು ನೋಡಿದರು. “ಅಮ್ಮ, ಅತ್ತೆ ಸೊಸೆ ಇಬ್ರೂ ಕುಸ್ತಿಗೇನಾದ್ರೂ ಹೊರಟಿದ್ದೀರಾ?”

“ಡ್ಯೂಟಿಗೆ ಹೋಗೋ, ಬಸ್ಸು ಕಾಯ್ತಾ ಐತೆ” ಎಂದರು ಅತ್ತೆಮ್ಮ.

ಹೊರಗೆ ಚಳಿ ಕತ್ತರಿಸುವಂತಿತ್ತು. ಮೂಗು ಬಾಯಿಗೆ ಕಟ್ಟಿದ್ದ ಬಟ್ಟೆಯೊಳಗೆ ನನ್ನ ಉಸಿರೇ ನನಗೆ ಬೆಚ್ಚಗೆ ವಾಪಸು ಬರುತ್ತಿತ್ತು. ತಿಮ್ಮದಾಸಪ್ಪನ ಶಂಖ ಮುಂದೆ, ಹಿಂದೆ ನಮ್ಮ ತಾಳದ ಸದ್ದು ಮಾತ್ರ. ಹಾಡಿಲ್ಲದ ಆ ನಡಿಗೆ ಇಷ್ಟು ಚೆನ್ನಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಹೆಜ್ಜೆಯ ಸದ್ದು ನಮಗೇ ಕೇಳಿಸುತ್ತಿತ್ತು. ಟೈರು ಸುಡುವ ಮೂಲೆಗೆ ಬಂದಾಗ ಎದೆ ಒಮ್ಮೆ ಹಿಡಿಯಿತು, ಭಯಕ್ಕೆ. ಬೆಂಕಿ ಇರಲಿಲ್ಲ. ಆಟೋದವರಿಗೆ ಸರೋಜ ಮೊದಲೇ ಹೋಗಿ ಹೇಳಿ ಬಂದಿದ್ದಳಂತೆ. ಕೈ ಕಟ್ಟಿ ನಡುಗುತ್ತಾ ನಿಂತಿದ್ದ ಒಬ್ಬ ಚಾಲಕ, “ಹಾಡಕ್ಕ, ಹೊಗೆ ಹಾಕಿಲ್ಲ” ಎಂದ.

ಅಲ್ಲೇ ನಿಂತೆವು. ಮೂಗಿನಲ್ಲಿ ಎರಡು ಮೂರು ಸಲ ನಿಧಾನವಾಗಿ ಉಸಿರೆಳೆದೆ. ಬಟ್ಟೆ ಕೆಳಗಿಳಿಸಿ ಹಾಡು ಎತ್ತಿಕೊಟ್ಟೆ. ಅಂದು ನಿಂತುಹೋಗಿದ್ದ ಅದೇ ಸಾಲು. ಎತ್ತರಕ್ಕೆ ಹೋಯಿತು, ಅಲ್ಲೇ ನಿಂತಿತು, ಇಳಿಯಿತು. ಹಿಂದಿನಿಂದ ಏಳು ದನಿ ಎತ್ತಿಕೊಂಡವು. ಏಳಲ್ಲ, ಎಂಟು. ಇಪ್ಪತ್ತೊಂಬತ್ತು ವರ್ಷ ನನ್ನ ಮುಂದೆ ಇದ್ದ ದನಿ ಈಗ ನನ್ನ ಬೆನ್ನ ಹಿಂದೆ ಇತ್ತು.

ಸಂಕ್ರಾಂತಿಗೆ ಉಳಿದಿದ್ದ ಒಂಬತ್ತು ದಿನದಲ್ಲಿ ಎರಡು ದಿನ ಮಂಜಿತ್ತು, ನಾನು ಹೋಗಲಿಲ್ಲ. ಕಿಟಕಿಯಲ್ಲಿ ಕೂತು ಕೇಳಿದೆ. ಅತ್ತೆಮ್ಮ ಎತ್ತಿಕೊಟ್ಟರು. ಹೋಗದಿದ್ದುದಕ್ಕೆ ಬೇಸರವಾಗಲಿಲ್ಲ, ಅದೂ ಒಂದು ಕಲಿಕೆಯೇ. ಸಂಕ್ರಾಂತಿಯ ಬೆಳಿಗ್ಗೆ ಬಂದು ಊದಿದಾಗ ಮುನ್ನೂರ ನಲವತ್ತು. ಪುಸ್ತಕದಲ್ಲಿ ಅದರ ಸುತ್ತ ಒಂದು ಸುತ್ತು ಹಾಕಿ, ಪಕ್ಕದಲ್ಲಿ ಎಳ್ಳುಬೆಲ್ಲದ ಒಂದು ಕಾಳು ಅಂಟಿಕೊಂಡಿದ್ದನ್ನು ತೆಗೆಯದೆ ಹಾಗೇ ಬಿಟ್ಟಿದ್ದೇನೆ.

ನನ್ನ ಕಾಯಿಲೆ ಹೋಗಿಲ್ಲ, ಹೋಗುವಂಥದ್ದೂ ಅಲ್ಲ. ಬೆಳಿಗ್ಗೆ ಸಂಜೆಯ ಪಂಪು ನಡೆದಿದೆ. ಉಳಿದ ತಿಂಗಳು ಬಿಸಿಲಲ್ಲಿ ಸರೋಜಳ ಜೊತೆ ಖಾಲಿ ಚೀಲದ ನಡಿಗೆ. ಅಳತೆ ಕೊಡಲು ಬಂದ ಇಬ್ಬರು ನನ್ನ ಸೊಂಟದ ಕಂಬಳಿ ಚೀಲ ನೋಡಿ, ತಮ್ಮದಕ್ಕೂ ಒಂದು ಹೊಲಿದುಕೊಡು ಎಂದರು. ಅವರಿಗೆ ಪಂಪಿದೆಯೆಂದು ಆಗಲೇ ನನಗೆ ಗೊತ್ತಾದದ್ದು. ಅತ್ತೆಮ್ಮನ ಕಂಬಳಿಯಿಂದಂತೂ ಇನ್ನು ಕತ್ತರಿಸುವ ಹಾಗಿಲ್ಲ, ಬೇರೆ ಕಂಬಳಿ ತರಿಸಿದ್ದೇನೆ.

ಈ ವರ್ಷದ ಧನುರ್ಮಾಸ ಶುರುವಾಗಿ ಐದು ದಿನವಾಯಿತು. ಅತ್ತೆಮ್ಮನಿಗೆ ಎಪ್ಪತ್ತಾರು. ಹೊರಡುವ ಮುಂಚೆ ಹೊಸಲಿನ ಒಳಗೆ ನಿಂತು ದಿನಾ ಒಂದೇ ತರ ವಿಚಾರಣೆ ಮಾಡುತ್ತಾರೆ.

“ತಾಳ?”

“ಇದೆ, ಅತ್ತೆಮ್ಮ.”

“ಪಟ?”

“ಸರೋಜನ ಕೈಯಲ್ಲಿದೆ.”

“ನಿನ್ ಶಂಖ?”

ನಾನು ಸೊಂಟದ ಚೀಲ ತಟ್ಟಿ ತೋರಿಸುತ್ತೇನೆ. ಅವರೂ ಒಮ್ಮೆ ಕೈ ಚಾಚಿ ಮುಟ್ಟಿ ನೋಡುತ್ತಾರೆ. ಆಮೇಲೆಯೇ ಹೊಸಲಿನ ಆಚೆ ಕಾಲಿಡುವುದು.